ಪರ್ವತಕ್ಕೆ ಹೊರಟವರ ವಸ್ತಿಗಳು

ಹೋಳಿ ಹುಣ್ಣಿಮೆಯ ಬಣ್ಣ ಇನ್ನೂ ಮೈಯಿಂದ ಪೂರ್ತಿ ಹೋಗಿರುವುದಿಲ್ಲ, ಅಷ್ಟರಲ್ಲೇ ನಾಲತವಾಡದ ಮೇಲೆ ಹಾಯುವ ನಾರಾಯಣಪುರ ರಸ್ತೆಯ ಅಂಚು ತುಂಬತೊಡಗುತ್ತದೆ. ಹೆಗಲಿಗೊಂದು ಚೀಲ, ತಲೆಗೆ ಸುತ್ತಿದ ಟವೆಲ್ಲು, ಕೈಯಲ್ಲೊಂದು ಕೋಲು. ಹತ್ತು ಜನರ ಗುಂಪು, ಐವತ್ತು ಜನರ ಗುಂಪು, ನಡುವೆ ಯಾರ ಜೊತೆಗೂ ಸೇರದೆ ತನ್ನ ಪಾಡಿಗೆ ನಡೆಯುವ ಒಬ್ಬ ಮುದುಕಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು, ಗಡಿಯಾಚೆಯ ಸೊಲ್ಲಾಪುರ, ಸಾಂಗ್ಲಿ ಕಡೆಯವರು. ಯುಗಾದಿಗೆ ಎಲ್ಲಿಗೆಂದು ಕೇಳಿದರೆ ಶ್ರೀಶೈಲ ಎನ್ನುವವರು ಕಡಿಮೆ. ‘ಪರ್ವತಕ್ಕ ಹೊಂಟೀವ್ರಿ’ ಎನ್ನುತ್ತಾರೆ, ನಿಲ್ಲದೆ ಮುಂದೆ ಹೋಗುತ್ತಾರೆ.

ಎರೆಹೊಲ, ತೊಗರಿ, ಜೋಳ, ನೆತ್ತಿ ಸುಡುವ ಬಿಸಿಲು ಬಿಟ್ಟರೆ ಬೇರೇನೂ ಕಾಣದ ಈ ಸೀಮೆಯವರಿಗೆ ಗುಡ್ಡ ಹತ್ತುವ ಹುಚ್ಚು ಎಲ್ಲಿಂದ ಬಂತು ಎಂದು ಬೆಂಗಳೂರಿನ ಚಾರಣಪ್ರಿಯರು ಕೇಳಬಹುದು. ಹುಚ್ಚಲ್ಲ, ಹರಕೆ. ಆದರೆ ಹರಕೆಯ ಮಾತನ್ನು ಪಕ್ಕಕ್ಕಿಟ್ಟು ನೋಡಿದರೂ ಇದು ಕನ್ನಡಿಗರ ಅತಿ ದೊಡ್ಡ ಚಾರಣಗಳಲ್ಲೊಂದು. ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿ, ಹತ್ತು ಹನ್ನೆರಡು ರಾತ್ರಿಯ ವಸ್ತಿ, ಕೊನೆಗೆ ನಲ್ಲಮಲ ಬೆಟ್ಟಸಾಲಿನ ನಡುವೆ ಸುಮಾರು ನಲವತ್ತು ಕಿಲೋಮೀಟರು ಕಾಡುದಾರಿ. ಇದಕ್ಕೆ ಕ್ಲಬ್ಬಿಲ್ಲ, ಗೈಡಿಲ್ಲ, ಶುಲ್ಕವಿಲ್ಲ. ಆದರೂ ವರ್ಷ ತಪ್ಪದೆ ನಡೆಯುತ್ತದೆ.

ನಾಲತವಾಡ ದಾಟಿದವರು ನಾರಾಯಣಪುರದ ಬಸವಸಾಗರದ ಬಳಿ ಕೃಷ್ಣೆಯನ್ನು ದಾಟಿ ಲಿಂಗಸುಗೂರು ಸೀಮೆ ಸೇರುತ್ತಾರೆ. ಅಲ್ಲಿಂದ ರಾಯಚೂರು ಜಿಲ್ಲೆಯ ಉದ್ದಕ್ಕೂ ನಡೆದು ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು. ಒಳದಾರಿಗಳು ಗುಂಪಿನಿಂದ ಗುಂಪಿಗೆ ಬೇರೆ, ಆತ್ಮಕೂರು ಮಾತ್ರ ತಪ್ಪದು. ಶ್ರೀಶೈಲಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಮಹಾದ್ವಾರಗಳೆಂಬ ಹಳೆಯ ಲೆಕ್ಕವಿದೆ: ಮೂಡಲಿಗೆ ತ್ರಿಪುರಾಂತಕ, ತೆಂಕಲಿಗೆ ಸಿದ್ಧವಟ, ಬಡಗಲಿಗೆ ಉಮಾಮಹೇಶ್ವರ, ಪಡುವಲಿಗೆ ಕರ್ನೂಲಿನ ಹತ್ತಿರದ ಆಲಂಪುರ. ನಮ್ಮವರು ಬರುವುದು ಪಡುವಲ ಬಾಗಿಲಿನ ಕಡೆಯಿಂದ. ನಾರಾಯಣಪುರದಲ್ಲಿ ಬಿಟ್ಟುಬಂದ ಕೃಷ್ಣೆ ಶ್ರೀಶೈಲದ ಕೆಳಗೆ ಪಾತಾಳಗಂಗೆಯಾಗಿ ಮತ್ತೆ ಸಿಗುತ್ತಾಳೆ.

ನಡಿಗೆಗೆ ತನ್ನದೇ ವೇಳಾಪಟ್ಟಿ ಇದೆ. ನಸುಕಿನ ಎರಡು ಮೂರು ಗಂಟೆಗೆ ಎದ್ದು ಹೊರಟರೆ ಬಿಸಿಲೇರುವ ಹೊತ್ತಿಗೆ ಒಂದು ಊರು ಸಿಕ್ಕಿರಬೇಕು. ಮಧ್ಯಾಹ್ನವೆಲ್ಲ ಬೇವಿನ ಮರದ ಕೆಳಗೆ, ಗುಡಿಯ ಪಡಸಾಲೆಯಲ್ಲಿ, ಶಾಲೆಯ ಜಗಲಿಯಲ್ಲಿ. ಹೊತ್ತು ಇಳಿದ ಮೇಲೆ ಮತ್ತೆ ನಡಿಗೆ, ರಾತ್ರಿ ಎಲ್ಲಿ ಕಾಲು ಸೋತವೋ ಅಲ್ಲಿ ವಸ್ತಿ. ಮೊದಲೆಲ್ಲ ಜೊತೆಗೆ ಚಕ್ಕಡಿ ಇರುತ್ತಿತ್ತು, ಈಗ ಟ್ರ್ಯಾಕ್ಟರು, ಟಂಟಂ. ಅದರಲ್ಲಿ ಹಿಟ್ಟು, ಕೌದಿ, ತಾಡಪತ್ರಿ, ನೀರಿನ ಡ್ರಮ್ಮು. ಊರ ಮನೆಮನೆಯಿಂದ ಕೂಡಿಸಿದ ಖಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಚೀಲಗಳೂ ಅದರಲ್ಲೇ. ಹದಿನೈದು ದಿನ ಇಟ್ಟರೂ ಕೆಡದ ಊಟ ಬೇಕೆಂದರೆ ಖಡಕ್ ರೊಟ್ಟಿಗೆ ಮಿಗಿಲಾದದ್ದು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಈ ಯಾತ್ರೆಯ ನಿಜವಾದ ಸಂಸ್ಥೆಯೆಂದರೆ ದಾಸೋಹ. ಪರದೇಶದ ಬೆಟ್ಟಗಳಲ್ಲಿ ಚಾರಣಿಗರಿಗೆಂದು ಕಟ್ಟಿದ ವಸತಿಗಳ ಬಗ್ಗೆ ಓದಿದವರಿಗೆ ಗೊತ್ತಿರುತ್ತದೆ. ಸ್ವಿಸ್ ಆಲ್ಪೈನ್ ಕ್ಲಬ್ 1863ರಲ್ಲೇ ಹುಟ್ಟಿ, ಮುಂದೆ ಹಿಮಪರ್ವತಗಳ ನಡುವೆ ತಂಗುಮನೆಗಳ ಸಾಲನ್ನೇ ಎಬ್ಬಿಸಿತು. ಸ್ಕಾಟ್ಲೆಂಡಿನಲ್ಲಿ ‘ಬಾಥಿ’ ಎಂಬ ಬೀಗವಿಲ್ಲದ ಕಲ್ಲುಮನೆಗಳಿವೆ. ಅವುಗಳನ್ನು ದುರಸ್ತಿ ಮಾಡಿ ಕಾಯ್ದುಕೊಳ್ಳಲು 1965ರಲ್ಲಿ ಒಂದು ಸಂಘವೇ ಹುಟ್ಟಿತು. ನಮ್ಮಲ್ಲಿ ಕುಮಾರಪರ್ವತದ ದಾರಿಯ ಭಟ್ಟರ ಮನೆಯ ಅನ್ನ-ಸಾರು ಉಂಡವರು ಅದನ್ನು ಮರೆತಿರಲಾರರು. ಅಲ್ಲೆಲ್ಲ ಮನೆ ಮೊದಲು, ಬರುವವರು ಆಮೇಲೆ. ಶ್ರೀಶೈಲದ ಹಾದಿಯಲ್ಲಿ ಇದು ಉಲ್ಟಾ. ಜನ ಬರುತ್ತಾರೆಂದು ಗೊತ್ತಿದ್ದೇ ಹೊಲದ ಅಂಚಿನಲ್ಲಿ ಚಪ್ಪರ ಏಳುತ್ತದೆ, ಯಾತ್ರೆ ಸಾಗಿದ ಮೇಲೆ ಬಿಚ್ಚಿಕೊಳ್ಳುತ್ತದೆ. ಮರುವರ್ಷ ಮತ್ತದೇ ಜಾಗದಲ್ಲಿ ಅದೇ ಊರಿನವರು ಕಂಬ ನೆಡುತ್ತಾರೆ.

ಒಂದು ದಾಸೋಹದ ಚಪ್ಪರವನ್ನು ಹತ್ತಿರದಿಂದ ನೋಡಬೇಕು. ರಸ್ತೆಗೆ ಎದುರಾಗಿ ನಾಲ್ಕು ಹುಡುಗರು ಕೈ ಅಡ್ಡ ಮಾಡಿ ನಿಂತಿರುತ್ತಾರೆ, ಊಟ ಬೇಡವೆಂದು ಮುಂದೆ ಹೋಗುವವರನ್ನು ಬಿಡುವುದಿಲ್ಲ. ‘ಬರ್ರಿ ಯಪ್ಪಾ, ಒಂದ್ ತುತ್ತು ಉಂಡು ಹೋಗ್ರಿ’, ‘ಯವ್ವಾ, ಮಜ್ಜಿಗಿನಾದ್ರೂ ಕುಡೀರಿ’. ಒಳಗೆ ದೊಡ್ಡ ಕಡಾಯಿಯಲ್ಲಿ ಸಜ್ಜಕ, ಅನ್ನ, ಸಾರು. ಒಂದು ಮೂಲೆಯಲ್ಲಿ ಹೆಚ್ಚಿದ ಕಲ್ಲಂಗಡಿ. ಇನ್ನೊಂದು ಮೂಲೆಯಲ್ಲಿ ಕಾಲಿನ ಸೇವೆ. ಬಿಸಿನೀರಿನ ಬುಟ್ಟಿಯಲ್ಲಿ ಪಾದ ಅದ್ದಿ ಕೂತವರ ಸಾಲು, ಎದುರಿಗೆ ಎಣ್ಣೆಯ ಬಟ್ಟಲು ಹಿಡಿದ ಊರಿನವರು. ಅಂಗಾಲಿನ ಬೊಬ್ಬೆಗೆ ಕೆಲವು ಹಿರಿಯರು ಇನ್ನೂ ಹಳೆಯ ಉಪಾಯವನ್ನೇ ಮಾಡುತ್ತಾರೆ: ಸೂಜಿಯಿಂದ ದಾರ ಪೋಣಿಸಿ ಅದನ್ನು ಬೊಬ್ಬೆಯಲ್ಲೇ ಬಿಡುವುದು, ನೀರು ದಾರದ ಗುಂಟ ಸೋರಿ ಚರ್ಮ ಕಿತ್ತುಬರದೆ ಅಂಟಿಕೊಳ್ಳುವುದು. ಪಕ್ಕದಲ್ಲಿ ಕೂತ ಡಾಕ್ಟರರು ಇದನ್ನು ಒಪ್ಪಲಿಕ್ಕಿಲ್ಲ, ಸೋಂಕಿನ ಭಯ ಅವರದು. ಅವರ ಮಾತೇ ಸರಿ ಎಂದು ನನಗೂ ಅನಿಸುತ್ತದೆ. ಎಪ್ಪತ್ತರ ಮುದುಕ ಹಾಗೇ ದಾರ ನೇತಾಡಿಸಿಕೊಂಡು ಎದ್ದು ಹೊರಟಾಗ ಹೇಳುವುದೇನು?

ಗುಂಪಿನ ಮುಂದೆ ಹೋಗುವುದು ಕಂಬಿ. ಹೆಗಲ ಮೇಲೆ ಹೊತ್ತ, ಬಟ್ಟೆ-ಹೂವಿನಿಂದ ಸಿಂಗರಿಸಿದ ಶ್ರೀಶೈಲ ಮಲ್ಲಯ್ಯನ ಕಂಬಿ ಆ ಊರಿನ ಪರವಾಗಿ ನಡೆಯುತ್ತದೆ. ಊರಿಂದ ಹೊರಡುವಾಗ ಓಣಿಯ ಹೆಂಗಸರು ಬಾಗಿಲಲ್ಲಿ ನೀರು ಹಾಕಿ, ಕಾಯಿ ಒಡೆದು ಕಳಿಸುತ್ತಾರೆ. ನಡುನಡುವೆ ಮರಗಾಲು ಕಟ್ಟಿಕೊಂಡವರೂ ಕಾಣಸಿಗುತ್ತಾರೆ. ಚಪ್ಪಲಿಯಿಲ್ಲದೆ ಡಾಂಬರು ತುಳಿಯುವುದೇ ಕಷ್ಟವಿರುವಾಗ ಕಟ್ಟಿಗೆಯ ಮೇಲೆ ಅಷ್ಟು ದೂರ ಹೋಗುವ ಛಲ ಎಲ್ಲಿಂದ ಬರುತ್ತದೋ.

ಮಲ್ಲಿಕಾರ್ಜುನ ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಬ್ಬ. ಆದರೆ ನಮ್ಮವರ ಸಲಿಗೆ ಅದಕ್ಕಿಂತ ಹತ್ತಿರದ್ದು. ಅವನ ಮಡದಿ ಭ್ರಮರಾಂಬೆ ಕನ್ನಡದ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಹೋಗುವುದೆಂದರೆ ಮಗಳ ಮನೆಗೆ ಸೀರೆ, ಕುಪ್ಪಸ, ಅರಿಶಿನ-ಕುಂಕುಮ ಒಯ್ದು ಕೊಡುವುದು. ತಮಾಷೆಯೆಂದರೆ ನಲ್ಲಮಲದ ಚೆಂಚು ಬುಡಕಟ್ಟಿನವರೂ ಅವನನ್ನು ಚೆಂಚು ಮಲ್ಲಯ್ಯ ಎಂದು ಕರೆದು ತಮ್ಮ ಅಳಿಯನೆನ್ನುತ್ತಾರೆ. ಎರಡು ಮನೆಯ ಬೀಗರು ಎದುರುಬದುರಾಗುವುದು ಆ ಕಾಡಿನ ವಸ್ತಿಗಳಲ್ಲಿ.

ಆತ್ಮಕೂರಿನ ಆಚೆ ವೆಂಕಟಾಪುರದ ಬಳಿ ಯಾತ್ರೆಯ ಸ್ವರೂಪವೇ ಬದಲಾಗುತ್ತದೆ. ಟ್ರ್ಯಾಕ್ಟರು, ಟಂಟಂಗಳು ದೋರ್ನಾಲ ಸುತ್ತಿಕೊಂಡು ಟಾರು ರಸ್ತೆಯಲ್ಲಿ ಶ್ರೀಶೈಲಕ್ಕೆ ಹೋಗುತ್ತವೆ. ನಡೆಯುವವರ ಬಳಿ ಉಳಿಯುವುದು ಒಂದು ಹೊದಿಕೆ, ಒಂದಿಷ್ಟು ರೊಟ್ಟಿ, ನೀರು, ಬ್ಯಾಟರಿ. ಮೊದಲ ವಸ್ತಿ ನಾಗಲೂಟಿ. ಕಾಡಿನ ನಡುವೆ ವೀರಭದ್ರನ ಹಳೆಯ ಗುಡಿ, ಅದರ ಸುತ್ತ ಎಲ್ಲೆಂದರಲ್ಲಿ ಟವೆಲ್ಲು ಹಾಸಿ ಮಲಗಿದ ಜನ. ಮುಂದೆ ದಾರಿ ತೇಗ, ಬಿದಿರುಗಳ ನಡುವೆ ಏರುತ್ತದೆ. ಬೇಸಿಗೆಯಲ್ಲಿ ತೇಗದ ಎಲೆಯೆಲ್ಲ ಉದುರಿ ನೆರಳೆಂಬುದೇ ಇರುವುದಿಲ್ಲ. ಕಾಲಡಿಯಲ್ಲಿ ಒಣಗಿದ ಎಲೆ ಹಪ್ಪಳದ ಹಾಗೆ ಮುರಿಯುತ್ತದೆ. ಎರಡನೆಯದು ಪೆಚ್ಚೆರುವು. ಕೆರೆ, ಚೆಂಚುಗಳ ಗೂಡೆಂ ಅಂದರೆ ಹಾಡಿ, ಹಬ್ಬದ ದಿನಗಳಿಗೆಂದು ಎದ್ದ ಚಪ್ಪರ, ಅನ್ನದಾನ. ಕಾಡಿನೊಳಗಿನ ನಿಜವಾದ ರಾತ್ರಿ ವಸ್ತಿ ಇದೇ. ಹಗಲಿಡೀ ‘ಉಘೇ ಉಘೇ’ ಎಂದು ಕೂಗಿದವರು ಕತ್ತಲಾದ ಮೇಲೆ ದನಿ ತಗ್ಗಿಸುತ್ತಾರೆ. ಇದು ಹುಲಿಯ ಕಾಡು.

ಪೆಚ್ಚೆರುವು ಬಿಟ್ಟರೆ ಭೀಮನಕೊಳ್ಳ. ತೆಲುಗರು ಭೀಮುನಿ ಕೊಲನು ಎನ್ನುತ್ತಾರೆ. ಇಡೀ ಹಾದಿಯಲ್ಲಿ ಜನ ಹೆದರುವ ಜಾಗ ಇದು: ಆಳದ ಕಣಿವೆಗೆ ಕಲ್ಲುಮೆಟ್ಟಿಲು ಇಳಿದು, ಆಚೆಯ ದಡವನ್ನು ಅಷ್ಟೇ ಕಡಿದಾಗಿ ಹತ್ತಬೇಕು. ಹತ್ತು ದಿನ ನಡೆದು ಸೋತ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ. ಮುದುಕರು ಅಡ್ಡಡ್ಡ ತಿರುಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಕೂಡಿಸಿ ಇಳಿಯುತ್ತಾರೆ. ಹಿಂದಿನವರು ಅವಸರ ಮಾಡುವುದಿಲ್ಲ. ಮೇಲೆ ಬಂದವರನ್ನು ಎದುರುಗೊಳ್ಳುವುದು ಕೈಲಾಸದ್ವಾರ. ಅದನ್ನು ದಾಟಿದರೆ ಹಾಟಕೇಶ್ವರ, ಟಾರು ರಸ್ತೆ, ಬಸ್ಸಿನ ಹಾರನ್ನು. ಇನ್ನು ಸಾಕ್ಷಿ ಗಣಪತಿಗೆ ಹಾಜರಿ ಹಾಕಿಸುವುದೊಂದು ಬಾಕಿ. ಕೈಯಲ್ಲಿ ಪುಸ್ತಕ, ಲೇಖನಿ ಹಿಡಿದ ಈ ಗಣಪ ಬಂದವರ ಹೆಸರು ಬರೆದುಕೊಳ್ಳುತ್ತಾನೆಂದು ನಂಬಿಕೆ. ನಡೆದು ಬಂದವರಿಗೂ ಬಸ್ಸಿನಲ್ಲಿ ಬಂದವರಿಗೂ ಒಂದೇ ಸಾಲು ಬರೆಯುತ್ತಾನೋ ಏನೋ, ಕೇಳಿದವರಿಲ್ಲ.

ಈ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸುವುದು ಅರಸರಿಗೆ ಪುಣ್ಯದ ಕೆಲಸವಾಗಿತ್ತು. 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಮಾಡಿಸಿದ. ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯುವ ಸೋಪಾನ ಕಟ್ಟಿಸಿದಳು. ಅದಕ್ಕೂ ಹಿಂದೆ ನಮ್ಮ ಕಡೆಯವರು ಮೆಟ್ಟಿಲಿಗೆ ಕಾಯದೆ ನಡೆದಿದ್ದರು. ಸೊನ್ನಲಿಗೆಯ ಬಾಲಕ ಸಿದ್ಧರಾಮ ಕಣ್ಮರೆಯಾದ ಮಲ್ಲಯ್ಯನನ್ನು ಹುಡುಕುತ್ತ ಯಾತ್ರಿಕರ ಜೊತೆ ಶ್ರೀಶೈಲಕ್ಕೆ ಹೋದ ಕಥೆಯನ್ನು ರಾಘವಾಂಕ ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳುತ್ತಾನೆ. ಅಕ್ಕಮಹಾದೇವಿ ಕಲ್ಯಾಣದಿಂದ ಕದಳಿಗೆ ಹೊರಟದ್ದೂ ಇತ್ತಲೇ. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ; ಅಲ್ಲಿನ ಗುಂಪುಗಳು ಇಂದಿಗೂ ಈ ದಾರಿಯಲ್ಲಿವೆ.

ಇಷ್ಟು ಹೊಗಳಿದ ಮೇಲೆ ಎರಡು ಬಿರುಸಿನ ಮಾತು ಆಡಲೇಬೇಕು. ನಾಗಾರ್ಜುನಸಾಗರ-ಶ್ರೀಶೈಲ ಅರಣ್ಯ 1983ರಿಂದ ಹುಲಿ ಯೋಜನೆಯಲ್ಲಿದೆ, ದೇಶದ ಅತಿ ವಿಸ್ತಾರದ ಹುಲಿ ಅಭಯಾರಣ್ಯಗಳ ಪೈಕಿ ಒಂದು. ಅದಕ್ಕೇ ಅರಣ್ಯ ಇಲಾಖೆ ಮಹಾಶಿವರಾತ್ರಿ ಮತ್ತು ಯುಗಾದಿಯ ಕೆಲವೇ ದಿನ ಕಾಡುದಾರಿ ಬಿಡುತ್ತದೆ. ಶಿವರಾತ್ರಿಗೆ ತೆಲುಗು ಭಕ್ತರು ಹೆಚ್ಚು, ಯುಗಾದಿಗೆ ನಮ್ಮವರೇ. ಆ ಕೆಲವು ದಿನಗಳಲ್ಲಿ ಲಕ್ಷಗಟ್ಟಲೆ ಕಾಲು ತುಳಿದ ಮೇಲೆ ದಾರಿಯಲ್ಲಿ ಉಳಿಯುವುದು ನೀರಿನ ಬಾಟಲಿ, ಪ್ಯಾಕೆಟ್ಟು, ಥರ್ಮೋಕೋಲ್ ತಟ್ಟೆ. ದಾಸೋಹ ಮಾಡುವವರ ಮನಸ್ಸು ದೊಡ್ಡದು, ಒಪ್ಪೋಣ. ಆದರೆ ಬಡಿಸಿದವರೇ ಎಂಜಲೆಲೆ ಎತ್ತುವುದು ದಾಸೋಹದ ಹಳೆಯ ನಿಯಮ. ಒಣಗಿದ ಎಲೆಯ ಮೇಲೆ ಒಲೆ ಹೂಡಿ, ಬೀಡಿ ಸೇದಿ ಎಸೆಯುವವರ ಬಗ್ಗೆ ಬೇರೆ ಹೇಳಬೇಕಿಲ್ಲ. ಎರಡನೆಯದು ಹೆಂಗಸರ ಮಾತು. ಗುಂಪಿನಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅನ್ನದಾನಕ್ಕೆ ಪೈಪೋಟಿ ನಡೆಸುವ ನಮ್ಮ ದಾನಿಗಳಿಗೆ ಒಂದು ಮರೆಯ ಶೌಚಾಲಯ, ಒಂದು ಸ್ನಾನದ ತಟ್ಟಿ ಕಟ್ಟಬೇಕೆಂದು ಅಷ್ಟಾಗಿ ಹೊಳೆಯುವುದಿಲ್ಲ. ಹತ್ತನೆಯ ಸಜ್ಜಕದ ಕಡಾಯಿಗಿಂತ ಮೊದಲನೆಯ ಶೌಚಾಲಯ ದೊಡ್ಡ ಸೇವೆ.

ಯುಗಾದಿಯ ತೇರು, ಅಗ್ನಿಕುಂಡ, ವೀರಾಚಾರದ ಕುಣಿತ ಎಲ್ಲ ಮುಗಿದ ಮೇಲೆ ಮರಳುವುದು ಹೆಚ್ಚಿನವರಿಗೆ ಬಸ್ಸಿನಲ್ಲೇ. ಹನ್ನೆರಡು ದಿನದ ದಾರಿ ಹತ್ತು ಹನ್ನೆರಡು ಗಂಟೆಯಲ್ಲಿ ಕಿಟಕಿಯಾಚೆ ಹಿಂದಕ್ಕೆ ಓಡುತ್ತದೆ. ಕಂಬಿ ಊರು ಮುಟ್ಟಿದ ಮೇಲೆ ಐದೇಶಿ ಎಂಬ ಮುಕ್ತಾಯದ ಆಚರಣೆ, ಓಣಿಗೆಲ್ಲ ಪ್ರಸಾದ. ಅಲ್ಲಿಗೆ ಯಾತ್ರೆ ಪೂರ್ತಿ.

ಮುಂದಿನ ಯುಗಾದಿಗೆ ಹೊರಡುವ ಮನಸ್ಸಿದ್ದವರು ಮಾಘದಿಂದಲೇ ನಸುಕಿನಲ್ಲಿ ನಾಲ್ಕಾರು ಮೈಲು ನಡೆದು ಕಾಲು ಪಳಗಿಸಿಕೊಳ್ಳಿ. ಹೊಸ ಬೂಟು ಹಾಕಿಕೊಂಡು ಹೊರಡಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಗುಳಿಗೆಗಳನ್ನು ಟಂಟಂಗೆ ಹಾಕದೆ ಜೇಬಿನಲ್ಲೇ ಇಟ್ಟುಕೊಳ್ಳಿ, ಕಾಡಿನೊಳಗೆ ಟಂಟಂ ಬರುವುದಿಲ್ಲ. ಬಾಟಲಿಯ ಬದಲು ಸ್ಟೀಲಿನ ಒಂದು ಚೆಂಬು ಒಯ್ಯಿರಿ. ಕಾಡುದಾರಿ ತೆರೆಯುವ ದಿನ ಪ್ರತಿವರ್ಷ ಬೇರೆ, ಯುಗಾದಿಯೇ ಕೆಲವು ವರ್ಷ ಮಾರ್ಚಿನಲ್ಲಿ, ಕೆಲವು ವರ್ಷ ಏಪ್ರಿಲಿನಲ್ಲಿ. ಆದ್ದರಿಂದ ನಿಮ್ಮೂರ ಕಂಬಿಯ ಹಿರಿಯರನ್ನು ವಿಚಾರಿಸಿ ತಿಥಿ ಗೊತ್ತುಮಾಡಿಕೊಂಡೇ ಹೊರಡಿ.