ಕಂಡೂ ಕಾಣದ ಬೆಳಕು

ಮದುವೆಯ ಮನೆಯಲ್ಲಿ ಪುರೋಹಿತರು ವಧೂವರರನ್ನು ಬಯಲಿಗೆ ಕರೆದು ಅರುಂಧತೀ ನಕ್ಷತ್ರವನ್ನು ತೋರಿಸುವ ಪದ್ಧತಿ ನಮ್ಮಲ್ಲಿ ಅನೇಕರಿಗೆ ಪರಿಚಿತವಾದುದೇ. ಹಾಡುಹಗಲಿನಲ್ಲಿ ತೋರಿಸಿದರೂ ‘ಕಂಡಿತು’ ಎಂದು ತಲೆಯಾಡಿಸುವ ವರ ಮಹಾಶಯರ ಮಾತು ಹಾಗಿರಲಿ. ನಿಜವಾಗಿಯೂ ರಾತ್ರಿ ಮಾಳಿಗೆಯ ಮೇಲೆ ನಿಂತು, ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಪಕ್ಕದಲ್ಲಿರುವ ಆ ಮಂಕು ಚುಕ್ಕೆಯನ್ನು ಹುಡುಕಿದವರ ಅನುಭವವೇ ಬೇರೆ. ಈಗ ಕಂಡಿತು, ಮರುಗಳಿಗೆಯಲ್ಲಿ ಇಲ್ಲ, ಮತ್ತೆ ಕಂಡಿತು. ಪಕ್ಕದಲ್ಲಿದ್ದವರು ‘ಎಲ್ಲಿದೆ? ನಿಮ್ಮ ಭ್ರಮೆ!’ ಎಂದರೆ ವಾದಿಸುವ ಧೈರ್ಯವೂ ಬಾರದು. ವಾಯುಮಂಡಲದ ಚಂಚಲತೆ ಇದಕ್ಕೆ ಕೊಂಚ ಕಾರಣವೆಂಬುದು ದಿಟ. ಆದರೆ ಬಾಗಿಲು ಮುಚ್ಚಿದ ಕತ್ತಲೆಕೋಣೆಯಲ್ಲಿಯೂ ಹೀಗೆಯೇ ಆಗುವುದಾದರೆ ಯಾರನ್ನು ದೂರಬೇಕು?

ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಸೆಲಿಗ್ ಹೆಕ್ಟ್, ಸೈಮನ್ ಶ್ಲೇರ್, ಮಾರಿಸ್ ಪಿರೆನ್ ಎಂಬ ಮೂವರು ಇದನ್ನು ಪರೀಕ್ಷಿಸಿ, 1942ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪರೀಕ್ಷೆಗೆ ತಮ್ಮ ಕಣ್ಣುಗಳನ್ನೂ ಒಡ್ಡಿಕೊಂಡ ಧೀರರು ಅವರು. ಅರ್ಧ ಗಂಟೆಯಾದರೂ ಗಾಢಾಂಧಕಾರದಲ್ಲಿ ಕುಳಿತು ಕಣ್ಣನ್ನು ಪಳಗಿಸಿದ ಮೇಲೆ, ಸೆಕೆಂಡಿನ ಸಾವಿರದಲ್ಲೊಂದು ಪಾಲು ಕಾಲ ಮಾತ್ರ ಹಸಿರು ಬೆಳಕೊಂದು ಮಿಂಚುತ್ತಿತ್ತು. ಕಂಡಿತೇ, ಇಲ್ಲವೇ ಎಂದಷ್ಟೇ ಹೇಳಬೇಕು. ದೀಪದ ಬಲವನ್ನು ಕೂದಲೆಳೆಯಷ್ಟೂ ಬದಲಿಸದಿದ್ದರೂ ಉತ್ತರ ಒಮ್ಮೆ ‘ಹೌದು’, ಒಮ್ಮೆ ‘ಇಲ್ಲ’. ನೂರಕ್ಕೆ ಅರವತ್ತು ಸಲ ಕಾಣಬೇಕಾದರೆ ಕಣ್ಣಿನ ಹೊರಪೊರೆಗೆ 54ರಿಂದ 148 ಬೆಳಕಿನ ಕಣಗಳು, ಅಂದರೆ ಫೋಟಾನುಗಳು, ತಲುಪಿದರೆ ಸಾಕೆಂದು ಅವರು ಕಂಡುಕೊಂಡರು. ಅವುಗಳಲ್ಲಿ ಬಹುಪಾಲು ದಾರಿಯಲ್ಲಿಯೇ ವ್ಯರ್ಥವಾಗಿ, ಕಣ್ಣಿನ ಒಳಗೋಡೆಯ ಅಕ್ಷಿಪಟವು ಹೀರಿಕೊಳ್ಳುವುದು 5ರಿಂದ 14 ಮಾತ್ರ!

ಇಷ್ಟು ಕಡಿಮೆಯಾದಾಗ ಬೆಳಕೂ ತುಂತುರು ಮಳೆಯಂತೆಯೇ. ಅಂಗಳದಲ್ಲಿಟ್ಟ ತಟ್ಟೆಗೆ ಒಂದು ನಿಮಿಷದಲ್ಲಿ ಐದು ಹನಿ ಬಿದ್ದರೆ ಮುಂದಿನ ನಿಮಿಷದಲ್ಲಿ ಒಂಬತ್ತು ಬಿದ್ದೀತು. ಮಳೆ ಅದೇ ಮಳೆ. ಏರುಪೇರಿರುವುದು ಬೆಳಕಿನಲ್ಲಿ, ಕಣ್ಣು ನಿರ್ದೋಷಿ ಎಂದು ಮೂವರೂ ತೀರ್ಪಿತ್ತರು.

ಈ ತೀರ್ಪು ಪೂರ್ತಿಯಾಗಿ ನಿಲ್ಲಲಿಲ್ಲ. ಕೇಂಬ್ರಿಡ್ಜಿನ ಹೊರೇಸ್ ಬಾರ್ಲೊ (ಈತ ಚಾರ್ಲ್ಸ್ ಡಾರ್ವಿನ್ನನ ಮರಿಮೊಮ್ಮಗ) 1956ರಲ್ಲಿ, ಬೆಳಕೇ ಇಲ್ಲದಾಗಲೂ ಕಣ್ಣು ತಾನಾಗಿ ಗುಜುಗುಟ್ಟುತ್ತಿರುತ್ತದೆಂದು ವಾದಿಸಿದನು. ಡೆನಿಸ್ ಬೇಲರ್ ಮತ್ತು ಸಂಗಡಿಗರು 1984ರಲ್ಲಿ ಕೋತಿಯ ಕಣ್ಣಿನ ಒಂದೊಂದೇ ಕೋಶದಲ್ಲಿ ಅದನ್ನು ಅಳೆದರು. ಮಂಕು ಬೆಳಕಿಗೆಂದೇ ಮೀಸಲಾದ ಕಡ್ಡಿಯಾಕಾರದ ಕೋಶವೊಂದರಲ್ಲಿ, ಸುಮಾರು 160 ಸೆಕೆಂಡಿಗೊಮ್ಮೆ, ದೇಹದ ಬಿಸಿಯಿಂದಲೇ ವರ್ಣದ್ರವ್ಯದ ಅಣುವೊಂದು ರೂಪ ಬದಲಿಸಿ, ಫೋಟಾನು ಬಂದಂತೆಯೇ ಸುದ್ದಿ ಹುಟ್ಟಿಸುತ್ತದೆ. ಮನುಷ್ಯನ ಒಂದು ಕಣ್ಣಿನಲ್ಲಿ ಇಂತಹ ಕೋಶಗಳು ಒಂಬತ್ತು ಕೋಟಿಗೂ ಮಿಗಿಲು. ಅದೇ ಲೆಕ್ಕವನ್ನು ನಮಗೂ ಅನ್ವಯಿಸಿದರೆ ಕಗ್ಗತ್ತಲೆಯಲ್ಲಿ ಸೆಕೆಂಡಿಗೆ ಐದು ಲಕ್ಷಕ್ಕೂ ಹೆಚ್ಚು ಸುಳ್ಳು ಸುದ್ದಿಗಳು!

ಕಣ್ಣಿನಿಂದ ಹೊರಟ ವಾರ್ತೆ ತಲೆಯ ಹಿಂಭಾಗದಲ್ಲಿರುವ ಮಿದುಳಿನ ನೋಟದ ಪ್ರದೇಶವನ್ನು ಸೇರಿದ ಮೇಲಾದರೂ ಶಿಸ್ತು ಬರುವುದೇ? ಇಲ್ಲ; ಇನ್ನಷ್ಟು ಕೆಡುತ್ತದೆ. ಅಲ್ಲಿಯ ನರಕೋಶಗಳು ವಿದ್ಯುತ್ತಿನ ಪುಟ್ಟ ಮಿಡಿತಗಳ ಮೂಲಕ ಮಾತನಾಡುತ್ತವೆ. ಒಂದೇ ಪಟ್ಟೆಯ ಚಿತ್ರವನ್ನು ಮತ್ತೆ ಮತ್ತೆ ತೋರಿಸಿದರೆ ಆರು ಮಿಡಿತ, ಹನ್ನೊಂದು, ಎಂಟು—ಹೀಗೆ ಮನಬಂದಂತೆ ಉತ್ತರ. ಬೆಕ್ಕು, ಕೋತಿಗಳಲ್ಲಿ ಇದನ್ನು ಎಣಿಸಿದ ಟಾಲ್‌ಹರ್ಸ್ಟ್, ಮೊವ್‌ಶನ್ ಮತ್ತು ಡೀನ್ ಎಂಬುವರು, ಮಿಡಿತ ಹೆಚ್ಚಿದಷ್ಟೂ ಏರುಪೇರೂ ಹೆಚ್ಚುವುದೆಂದು 1983ರಲ್ಲಿ ತಿಳಿಸಿದರು.

ಹಾಗಾದರೆ ನರಕೋಶವೇ ಅಪ್ರಯೋಜಕವೋ? ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ಮೇನೆನ್ ಮತ್ತು ಸೆಜ್ನೊವ್ಸ್ಕಿ 1995ರಲ್ಲಿ ಇಲಿಯ ಮಿದುಳಿನ ತೆಳುವಾದ ಚೂರನ್ನು ಜೀವಂತವಾಗಿರಿಸಿ, ಅದರಲ್ಲಿನ ಒಂದೇ ಕೋಶಕ್ಕೆ ಏರಿಳಿಯುವ ವಿದ್ಯುತ್ತನ್ನು ಹಾಯಿಸಿದರು. ಅದೇ ಏರಿಳಿತವನ್ನು ಎಷ್ಟು ಸಲ ಕೊಟ್ಟರೂ ಮಿಡಿತಗಳು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ವ್ಯತ್ಯಾಸದಲ್ಲಿ ಮರುಕಳಿಸಿದವು! ಒಂಟಿಯಾಗಿದ್ದಾಗ ಇಷ್ಟು ನಿಯತ್ತಿನ ಕೋಶ, ಮನೆಮಂದಿಯ ನಡುವೆ ಏಕೆ ಹೀಗೆ?

ಉತ್ತರದ ಒಂದು ಪಾಲು ಇಸ್ರೇಲಿನ ವೈಜ್‌ಮನ್ ಸಂಸ್ಥೆಯಿಂದ 1996ರಲ್ಲಿ ಬಂದಿತು. ಆರಿಯೆಲಿ, ಗ್ರಿನ್‌ವಾಲ್ಡ್ ಮತ್ತು ಸಂಗಡಿಗರು, ಅರಿವಳಿಕೆ ಕೊಟ್ಟ ಬೆಕ್ಕಿನ ಮಿದುಳಿನಲ್ಲಿ, ಚಿತ್ರವನ್ನು ತೋರಿಸುವ ಮೊದಲೇ ಓಡಾಡುತ್ತಿದ್ದ ಚಟುವಟಿಕೆಯ ಅಲೆಗಳನ್ನು ನೋಡಿದರು. ಚಿತ್ರದ ಪರಿಣಾಮವು ಆ ಅಲೆಯ ಬೆನ್ನೇರಿ ಬರುತ್ತಿತ್ತು. ಹಿಂದಿನ ಅಲೆಯನ್ನು ತಿಳಿದಿದ್ದರೆ ಈ ಸಲದ ಉತ್ತರವನ್ನು ಬಹುಮಟ್ಟಿಗೆ ಮುಂದಾಗಿಯೇ ಹೇಳಬಹುದಾಗಿತ್ತು. ನಾವು ಏರುಪೇರೆಂದು ಜರೆದುದರಲ್ಲಿ ಬಹುಭಾಗ, ಮಿದುಳು ಆಗಲೇ ತೊಡಗಿದ್ದ ತನ್ನ ಸ್ವಂತ ಕೆಲಸ!

ಇಷ್ಟಾದರೂ ಗೋಡೆಯ ಕ್ಯಾಲೆಂಡರು ಹಗಲಿನಲ್ಲಿ ಮಿಣುಕದೆ ನಿಲ್ಲುತ್ತದಲ್ಲ? ಬೆಳಕು ಧಾರಾಳವಾಗಿರುವಾಗ ಅನೇಕ ಕೋಶಗಳ ಉತ್ತರಗಳು ಕೂಡಿ ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುತ್ತದೆ. ಈ ಉಪಾಯಕ್ಕೂ ಮಿತಿಯುಂಟು. ನೆರೆಯ ಕೋಶಗಳು ಒಂದೇ ವೃತ್ತಪತ್ರಿಕೆಯನ್ನು ಓದಿದ ನೆರೆಹೊರೆಯವರಂತೆ ಒಮ್ಮೊಮ್ಮೆ ಒಟ್ಟಿಗೇ ತಪ್ಪುತ್ತವೆ. ಜೊಹಾರಿ, ಶಾಡ್ಲೆನ್, ನ್ಯೂಸಮ್ ಎಂಬುವರು ಕೋತಿಗಳಲ್ಲಿ ಪರೀಕ್ಷಿಸಿ 1994ರಲ್ಲಿ ಹೇಳಿದಂತೆ, ಸುಮಾರು ನೂರು ಕೋಶಗಳನ್ನು ವಿಚಾರಿಸಿದ ಮೇಲೆ ಇನ್ನೂ ಸಾವಿರವನ್ನು ವಿಚಾರಿಸಿದರೂ ಹೆಚ್ಚಿನ ಲಾಭವಿಲ್ಲ.