ಕೌಟಿಲ್ಯನ ಅರಣ್ಯವೂ ಈಗಿನ ಒಡಂಬಡಿಕೆಗಳೂ

ಯಾದವಗಿರಿಯ ಬೀದಿಗಳಲ್ಲಿ ಪ್ರಾತಃಕಾಲ ಸಂಚರಿಸುವವರಿಗೆ, ಲೋಕಸೇವಾ ಆಯೋಗದ ಪರೀಕ್ಷೆಗಾಗಿ ಪುಸ್ತಕ ಹಿಡಿದು ಉರುಹೊಡೆಯುತ್ತಿರುವ ತರುಣರು ಕಾಣದಿರುವುದಿಲ್ಲ. ಒಂದು ಪುಟದಲ್ಲಿ ಮೌರ್ಯರು. ಮತ್ತೊಂದರಲ್ಲಿ ರಾಮ್ಸಾರ್, ಮಾಂಟ್ರಿಯಲ್, ಕ್ಯೋಟೋ, ಪ್ಯಾರಿಸ್. ಇವೆರಡಕ್ಕೂ ನಡುವೆ ದಾರಿಯೇ ಇಲ್ಲವೆಂಬಂತೆ ಅವರಿಗೆ ಪಾಠವಾಗಿದೆ.

ಅಂತಹ ಒಬ್ಬ ತರುಣನನ್ನು ರಾಮ್ಸಾರ್ ಒಡಂಬಡಿಕೆಯ ವಿಷಯವಾಗಿ ಕೇಳಿದೆವು. ಸಹಿಯಾದದ್ದು 1971, ಜಾರಿಗೆ ಬಂದದ್ದು 1975, ಭಾರತವು ಸೇರಿದ್ದು 1982 ಎಂದು ತಡವರಿಸದೆ ಹೇಳಿದನು. ಆದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 2022ರಲ್ಲಿ ಆ ಪಟ್ಟಿಗೆ ಸೇರಿತೆಂದೂ, ಕರ್ನಾಟಕದಲ್ಲಿ ಆ ಗೌರವವನ್ನು ಮೊದಲು ಪಡೆದದ್ದು ಅದೇ ಎಂದೂ ಅವನು ಅರಿಯನು! ಕಾವೇರಿಗೆ 17ನೆಯ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದ ಉಂಟಾದ ಆ ನಡುಗಡ್ಡೆಗಳನ್ನು, ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸರ್ಕಾರವು 1940ರಲ್ಲಿಯೇ ಪಕ್ಷಿಧಾಮವೆಂದು ಸಾರಿತ್ತು.

ಪ್ರಾಚೀನ ಇತಿಹಾಸದ ಮಾತೂ ಹಾಗೆಯೇ. ಈ ಊರಿನ ಪ್ರಾಚ್ಯ ಕೋಶಾಗಾರಕ್ಕೆ 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ತಾಳೆಯೋಲೆಗಳಲ್ಲಿ, ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅಚ್ಚುಹಾಕಿಸಿದರು. ಆ ಗ್ರಂಥದಲ್ಲಿ ಆನೆಗಳ ಕಾಡಿಗೆ ಪ್ರತ್ಯೇಕವಾದ ಅಧ್ಯಕ್ಷನುಂಟು. ಆನೆಯನ್ನು ಕೊಂದವನಿಗೆ ಮರಣದಂಡನೆ. ತಾನಾಗಿ ಸತ್ತ ಆನೆಯ ದಂತಗಳನ್ನು ತಂದೊಪ್ಪಿಸಿದವನಿಗೆ ಬಹುಮಾನ. ಪಟ್ಟಣದ ಉಪವನಗಳಲ್ಲಿ ಹೂ, ಹಣ್ಣು, ನೆರಳು ಕೊಡುವ ಮರದ ಚಿಗುರನ್ನು ಕಡಿದರೆ 6 ಪಣ, ಸಣ್ಣ ಕೊಂಬೆಗೆ 12, ದೊಡ್ಡ ಕೊಂಬೆಗೆ 24. ಬೊಡ್ಡೆಗೇ ಕೊಡಲಿಯಿಟ್ಟರೆ ದಂಡವು ಇನ್ನೂ ಏರುವುದು. ವಿದ್ಯುತ್ತಂತಿಯ ನೆಪದಿಂದ ನಮ್ಮ ಬೀದಿಯ ಮರಗಳನ್ನು ಬೋಳುಮಾಡುವುದನ್ನು ಕಂಡಾಗಲೆಲ್ಲ ಈ ಲೆಕ್ಕವು ನಮಗೆ ನೆನಪಾಗುವುದುಂಟು.

ಹಾಗೆಂದು, ಈಗಿನ ಒಡಂಬಡಿಕೆಗಳೆಲ್ಲವೂ ನಮ್ಮ ಪೂರ್ವಿಕರಲ್ಲಿ ಮೊದಲೇ ಇದ್ದುವೆಂದು ಉತ್ತರಪತ್ರಿಕೆಯಲ್ಲಿ ಬರೆಯುವುದು ದೇಶಾಭಿಮಾನವಲ್ಲ, ಅಜ್ಞಾನ. ಕೌಟಿಲ್ಯನು ಆನೆಯನ್ನು ರಕ್ಷಿಸಿದ್ದು ಮುಖ್ಯವಾಗಿ ಸೈನ್ಯದ ಸಲುವಾಗಿ. ರಾಜರ ಜಯವು ಆನೆಗಳನ್ನೇ ಅವಲಂಬಿಸಿದೆಯೆಂದು ಆ ಗ್ರಂಥವೇ ಸ್ಪಷ್ಟವಾಗಿ ಹೇಳುತ್ತದೆ. ಅದರ ಕಾಲದ ವಿಷಯದಲ್ಲಿಯೂ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಅಶೋಕನ ದೃಷ್ಟಿ ಬೇರೆ. ಬಿ. ಎಲ್. ರೈಸ್ 1892ರಲ್ಲಿ ಪತ್ತೆಮಾಡಿದ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಶಾಸನವು, ಪ್ರಾಣಿಗಳಲ್ಲಿ ದಯೆ ದೃಢವಾಗಿರಲೆಂದು ವಿಧಿಸುತ್ತದೆ. ಅವನ ಐದನೆಯ ಸ್ತಂಭಶಾಸನವು ಕೊಲ್ಲಬಾರದ ಪ್ರಾಣಿಗಳನ್ನು ಹೆಸರಿಸಿ, ಕಾಡನ್ನು ನಿಷ್ಕಾರಣವಾಗಿ ಸುಡಬಾರದೆನ್ನುತ್ತದೆ.

ಇಬ್ಬರಿಗೂ ದಂಡವೋ ಆಜ್ಞೆಯೋ ಕೈಯಲ್ಲಿತ್ತು. ರಾಷ್ಟ್ರಗಳ ಮೇಲೆ ಅಂತಹ ರಾಜನಿಲ್ಲ. ಆದುದರಿಂದ ಒಡಂಬಡಿಕೆಯನ್ನು ಓದುವಾಗ ವರ್ಷಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಮೀರಿದವನಿಗೆ ಏನಾಗುವುದೆಂಬುದು. 1987ರ ಮಾಂಟ್ರಿಯಲ್ ಒಪ್ಪಂದವು ಓಜೋನ್ ಪದರವನ್ನು ಕೆಡಿಸುವ ವಸ್ತುಗಳ ವಿಷಯದಲ್ಲಿ, ಸೇರದ ರಾಷ್ಟ್ರಗಳೊಡನೆ ವ್ಯಾಪಾರವನ್ನೇ ನಿರ್ಬಂಧಿಸಿತು. ಅದು ಫಲಿಸಿದ್ದಕ್ಕೆ ಇದೂ ಒಂದು ಕಾರಣ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿಯೊಂದು ರಾಷ್ಟ್ರವೂ ತನ್ನ ಗುರಿಯನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ, ತಪ್ಪಿದರೆ ದಂಡವಿಲ್ಲ. ಅಮೆರಿಕವು ಅದರಿಂದ 2020ರಲ್ಲಿ ಹೊರಬಿದ್ದು, 2021ರಲ್ಲಿ ಮರಳಿ, 2025ರಲ್ಲಿ ಮತ್ತೆ ಹೊರಡುವ ಆಜ್ಞೆಯನ್ನು ಹೊರಡಿಸಿತು.

ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಕುರಿತ 1973ರ ವಾಷಿಂಗ್ಟನ್ ಒಡಂಬಡಿಕೆಯಂತೂ ಮೈಸೂರಿನ ಮನೆಗಳನ್ನೇ ಹೊಕ್ಕಿದೆ. ಇಲ್ಲಿನ ಕುಸುರಿಗಾರರು ಬೀಟೆಮರದಲ್ಲಿ ಆನೆಯ ದಂತವನ್ನು ಕೂರಿಸಿ ಚಿತ್ರಗಳನ್ನು ರಚಿಸುತ್ತಿದ್ದರು. ದಂತದ ವ್ಯಾಪಾರವು ನಿಂತಿತು. ಬಣ್ಣಬಣ್ಣದ ಮರದ ಚೂರುಗಳೂ ಪ್ಲಾಸ್ಟಿಕ್ಕೂ ಅದರ ಸ್ಥಾನಕ್ಕೆ ಬಂದವು. 2017ರ ಆರಂಭದಿಂದ ಬೀಟೆಯ ಕುಲವೆಲ್ಲವೂ ಎರಡನೆಯ ಅನುಬಂಧಕ್ಕೆ ಸೇರಿದ ಮೇಲೆ ವಿದೇಶಗಳ ಮಾರಾಟಕ್ಕೆ ಅನುಮತಿಪತ್ರಗಳ ತೊಡಕು ಬಂದಿತು. ಆನೆ ಉಳಿಯಬೇಕು, ಕುಸುರಿಗಾರನೂ ಉಳಿಯಬೇಕು. ಈ ಎರಡನ್ನೂ ತೂಗಬೇಕಾದ ಅಧಿಕಾರಿಗಳು, ಇಂದು ಯಾದವಗಿರಿಯಲ್ಲಿ ವರ್ಷಗಳನ್ನು ಕಂಠಪಾಠಮಾಡುತ್ತಿರುವ ಈ ತರುಣರೇ. ಅವರಲ್ಲಿ ಎಷ್ಟು ಮಂದಿ ಒಬ್ಬ ಕುಸುರಿಗಾರನ ಅಂಗಡಿಯ ಮೆಟ್ಟಿಲು ಹತ್ತಿದ್ದಾರೆ?