ಬೀನ್ಸ್ ಹೆಚ್ಚು ದಿನ ಇಡೋದು ಹೇಗೆ? ಫ್ರೀಜರ್ ಓಕೆ, ನೀರು ತುಂಬಿದ ಬಾಟಲಿ ಮಾತ್ರ ಬೇಡ, ಕಾರಣ ಇಲ್ಲಿದೆ

ಭಾನುವಾರ ಮಾರ್ಕೆಟ್‌ಗೆ ಹೋಗಿ ಒಂದು ಕೆಜಿ ಬೀನ್ಸ್ ತರುತ್ತೀರಿ. ಸೋಮವಾರ ಪಲ್ಯ, ಮಂಗಳವಾರ ಸಾಂಬಾರಿಗೆ ಒಂದು ಹಿಡಿ. ಶುಕ್ರವಾರ ಫ್ರಿಜ್ ತೆಗೆದು ನೋಡಿದರೆ ಉಳಿದಿದ್ದೆಲ್ಲ ಪ್ಲಾಸ್ಟಿಕ್ ಕವರ್‌ನಲ್ಲಿ ಬೆವತು, ಕಂದು ಚುಕ್ಕೆ ಬಿದ್ದು, ಮುಟ್ಟಿದರೆ ಲೋಳೆ ಲೋಳೆ. ಕೆಲಸಕ್ಕೆ ಹೋಗುವವರ ಮನೆಗಳಲ್ಲಿ ಇದು ಹೊಸದೇನಲ್ಲ.

ಹೀಗಾಗಿಯೇ ಅಗ್ಗಕ್ಕೆ ಸಿಕ್ಕಾಗ ಒಂದಿಷ್ಟು ತಂದು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ದಾರಿ ಹುಡುಕುತ್ತೇವೆ. ದಾರಿಗಳೂ ಇವೆ. ಆದರೆ ಅವುಗಳಲ್ಲಿ ಒಂದು, ಅಂದರೆ ಗಾಜಿನ ಬಾಟಲಿಗೆ ಬೀನ್ಸ್ ಮತ್ತು ಉಪ್ಪುನೀರು ತುಂಬಿ, ಕುದಿಸಿ, ಮುಚ್ಚಳ ಬಿಗಿದು ಶೆಲ್ಫ್‌ನಲ್ಲಿಡುವುದು, ನೋಡಲು ಎಷ್ಟು ಚೆಂದವೋ ಅಷ್ಟೇ ಅಪಾಯಕಾರಿ. ಅದು ಯಾಕೆ, ಬದಲಿಗೆ ಏನು ಮಾಡಬಹುದು ಎನ್ನುವುದನ್ನು ನೋಡೋಣ.

ಮೊದಲು ಯಾವ ಬೀನ್ಸ್ ಅಂತ ಹೇಳಿಬಿಡಬೇಕು, ಯಾಕೆಂದರೆ ಊರೂರಿಗೆ ಹೆಸರು ಬೇರೆ. ಬೆಂಗಳೂರು, ಮೈಸೂರು ಕಡೆ ಹುರುಳಿಕಾಯಿ ಎನ್ನುತ್ತಾರೆ, ಆದರೆ ಹುರುಳಿ ಕಾಳಿಗೂ ಇದಕ್ಕೂ ಸಂಬಂಧವಿಲ್ಲ. ಮುಂಬೈ ಮಾರ್ಕೆಟ್‌ನಲ್ಲಿ ಇದು ಫರಸ್‌ಬಿ, ಪುಣೆಯಲ್ಲಿ ಶ್ರಾವಣ ಘೇವಡಾ. ಹೈದರಾಬಾದ್‌ನಲ್ಲಿ ಚಿಕ್ಕುಡು ಎಂದು ಕೇಳಿದರೆ ಅವರೆಕಾಯಿ ಕೊಡುತ್ತಾರೆ, ಬೀನ್ಸ್ ಎಂದೇ ಕೇಳಿ. ಮೂಲತಃ ಇದು ಅಮೆರಿಕ ಖಂಡದ ಬೆಳೆ. ದೆಹಲಿಯವರ ಪ್ರೀತಿಯ ರಾಜ್ಮಾ ಕೂಡ ಇದೇ ಜಾತಿಯ ಗಿಡದ್ದು. ಅಲ್ಲಿ ಬಲಿತ ಕಾಳು ತಿನ್ನುತ್ತೇವೆ, ಇಲ್ಲಿ ಎಳೆ ಕಾಯಿ.

ಫ್ರಿಜ್‌ನಲ್ಲಿಟ್ಟರೂ ಹಾಳಾಗೋದ್ಯಾಕೆ?

ಕಿತ್ತ ಮೇಲೂ ಬೀನ್ಸ್ ಉಸಿರಾಡುತ್ತಲೇ ಇರುತ್ತದೆ. ಕವರ್ ಗಂಟು ಹಾಕಿಟ್ಟರೆ ಆ ತೇವ ಹೊರಗೆ ಹೋಗದೆ ಹನಿಯಾಗಿ ಕಾಯಿಯ ಮೇಲೆಯೇ ಕೂರುತ್ತದೆ. ಲೋಳೆ, ಬೂಷ್ಟು ಶುರುವಾಗುವುದು ಅಲ್ಲಿಂದ. ಹಾಗಂತ ಕವರ್ ಇಲ್ಲದೆ ಇಟ್ಟರೆ ಎರಡೇ ದಿನಕ್ಕೆ ಬಾಡಿ ರಬ್ಬರ್ ಆಗುತ್ತದೆ. ಅಂದರೆ ಸುತ್ತಲಿನ ಗಾಳಿಯಲ್ಲಿ ತೇವ ಇರಬೇಕು, ಕಾಯಿಯ ಮೇಲೆ ನೀರು ಇರಬಾರದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಬೀನ್ಸ್‌ಗೆ ಅತಿಯಾದ ತಂಪು ಆಗಿಬರುವುದಿಲ್ಲ. 5ರಿಂದ 7 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಸರಿಯಾದ ಜಾಗ. ಅದಕ್ಕಿಂತ ಕಡಿಮೆ ತಾಪಮಾನದಲ್ಲಿ ಕೆಲವು ದಿನ ಇದ್ದರೆ ತುಕ್ಕು ಹಿಡಿದಂಥ ಕಲೆ, ಸಣ್ಣ ಸಣ್ಣ ಗುಳಿ ಬೀಳುತ್ತವೆ. ಇದು ಕೊಳೆತವಲ್ಲ, ಚಳಿಯ ಪೆಟ್ಟು. ಫ್ರೀಜರ್‌ಗೆ ಅಂಟಿಕೊಂಡ ಮೇಲಿನ ಶೆಲ್ಫ್‌ನಲ್ಲಿಟ್ಟ ಬೀನ್ಸ್ ಬೇಗ ಕೆಡುವುದಕ್ಕೆ ಇದೇ ಕಾರಣ.

ಆದ್ದರಿಂದ ತಂದ ತಕ್ಷಣ ತೊಳೆಯಬೇಡಿ. ಒದ್ದೆಯಿದ್ದರೆ ಬಟ್ಟೆಯ ಮೇಲೆ ಹರಡಿ ಆರಿಸಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಅಥವಾ ನಾಲ್ಕೈದು ತೂತು ಮಾಡಿದ ಕವರ್‌ಗೆ ಹಾಕಿ ಕೆಳಗಿನ ತರಕಾರಿ ಡ್ರಾಯರ್‌ನಲ್ಲಿಡಿ. ಕೊಳ್ಳುವಾಗ ಒಂದು ಕಾಯಿ ಮುರಿದು ನೋಡಿ, ಟಪ್ ಎನ್ನಬೇಕು. ಬಾಗಿದರೆ ಹಳೆಯದು. ಒಳಗಿನ ಕಾಳು ಉಬ್ಬಿ ಹೊರಗೆ ಕಾಣುತ್ತಿದ್ದರೆ ಬಲಿತದ್ದು, ನಾರು ಜಾಸ್ತಿ. ತಾಜಾ ಕಾಯಿಯಾದರೆ ಹೀಗಿಟ್ಟಾಗ ವಾರಕ್ಕೆ ಮೋಸವಿಲ್ಲ.

ಫ್ರೀಜರ್‌ಗೆ ಹಾಕುವ ಮುನ್ನ ಮೂರು ನಿಮಿಷ

ವಾರಕ್ಕಿಂತ ಹೆಚ್ಚು ಬೇಕೆಂದರೆ ಫ್ರೀಜರ್. ಹಸಿ ಬೀನ್ಸನ್ನು ಹೆಚ್ಚಿ ಹಾಗೇ ತುಂಬಿಸಿಟ್ಟರೆ ಆಗುವುದಿಲ್ಲವೇ ಎಂದರೆ, ಆಗುತ್ತದೆ, ಆದರೆ ಕೆಲವು ವಾರಗಳಲ್ಲಿ ಒಣ ಹುಲ್ಲಿನ ವಾಸನೆ, ಮಾಸಲು ಬಣ್ಣ. ಕಾಯಿಯೊಳಗಿನ ಎನ್‌ಜೈಮ್‌ಗಳು ಫ್ರೀಜರ್ ಚಳಿಯಲ್ಲೂ ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ. ಅವನ್ನು ನಿಲ್ಲಿಸಲು ಬೀನ್ಸನ್ನು ಸ್ವಲ್ಪ ಹೊತ್ತು ಕುದಿಯುವ ನೀರಿಗೆ ಹಾಕಿ ತೆಗೆಯಬೇಕು. ಇದಕ್ಕೆ ಬ್ಲಾಂಚಿಂಗ್ ಎನ್ನುತ್ತಾರೆ.

ಬೀನ್ಸ್ ತೊಳೆದು, ಎರಡೂ ತುದಿ ಮುರಿದು ನಾರು ತೆಗೆದು, ಒಂದೂವರೆ ಇಂಚಿನ ತುಂಡು ಮಾಡಿ. ಕಾಲು ಕೆಜಿಗೆ ಎರಡು ಲೀಟರ್ ನೀರು ಚೆನ್ನಾಗಿ ಕುದಿಸಿ ಅದರಲ್ಲಿ ಹಾಕಿ. ನೀರು ಮತ್ತೆ ಕುದಿಯಲು ಶುರುವಾದಾಗಿನಿಂದ ಸರಿಯಾಗಿ 3 ನಿಮಿಷ ಎಣಿಸಿ. ನೀರು ಕಡಿಮೆಯಿದ್ದು ಬೀನ್ಸ್ ಹೆಚ್ಚಿದ್ದರೆ ಮತ್ತೆ ಕುದಿ ಬರುವುದಕ್ಕೇ ಹೊತ್ತು ಹಿಡಿದು ಕಾಯಿ ಮೆತ್ತಗಾಗುತ್ತದೆ, ಹಾಗಾಗಿ ಒಂದೇ ಸಲಕ್ಕೆ ಎಲ್ಲ ಸುರಿಯಬೇಡಿ. ಹೊರತೆಗೆದ ತಕ್ಷಣ ಐಸ್ ನೀರಿಗೆ ಹಾಕಿ ಅಲ್ಲೂ ಮೂರು ನಿಮಿಷ. ಇಲ್ಲದಿದ್ದರೆ ಒಳಗಿನ ಬಿಸಿಗೇ ಬೇಯುತ್ತಾ ಹೋಗುತ್ತದೆ.

ಮುಂದಿನದ್ದು ಎಲ್ಲರೂ ಅವಸರ ಮಾಡುವ ಹಂತ. ನೀರು ಬಸಿದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒರೆಸಿ. ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರ್‌ನಲ್ಲಿ ಎರಡು ಗಂಟೆ ಇಟ್ಟು, ಗಟ್ಟಿಯಾದ ಮೇಲೆ ಜಿಪ್ ಕವರ್‌ಗೆ ತುಂಬಿ ಗಾಳಿ ಹಿಂಡಿ ತೆಗೆಯಿರಿ. ಹೀಗೆ ಮಾಡಿದರೆ ಬೇಕಾದಾಗ ಒಂದು ಹಿಡಿ ಉದುರಿಸಿಕೊಳ್ಳಬಹುದು. ತಟ್ಟೆಯ ಹಂತ ಬಿಟ್ಟರೆ ಸಿಗುವುದು ಒಂದು ಹಸಿರು ಇಟ್ಟಿಗೆ. ಅದನ್ನು ಲಟ್ಟಣಿಗೆಯಿಂದ ಒಡೆದ ಅನುಭವ ಈ ಬರಹಗಾರ್ತಿಗೂ ಇದೆ. ಕವರ್ ಮೇಲೆ ತಾರೀಖು ಬರೆಯುವುದನ್ನು ಮರೆಯಬೇಡಿ.

ಮೈನಸ್ 18 ಡಿಗ್ರಿ ಇರುವ ಫ್ರೀಜರ್‌ನಲ್ಲಿ ಇದು 8ರಿಂದ 12 ತಿಂಗಳು ರುಚಿ ಉಳಿಸಿಕೊಳ್ಳುತ್ತದೆ. ಬಾಡಿಗೆ ಮನೆಯ ಸಿಂಗಲ್ ಡೋರ್ ಫ್ರಿಜ್‌ನ ಪುಟ್ಟ ಐಸ್ ಪೆಟ್ಟಿಗೆ ಅಷ್ಟು ತಣ್ಣಗಿರುತ್ತದೆ ಎಂದು ನಂಬಿ ಕೂರಬೇಡಿ, ತಿಂಗಳೊಳಗೆ ಮುಗಿಸಿ. ಕರೆಂಟ್ ಹೋಗಿ ಬಂದ ಮೇಲೆ ತುಂಡುಗಳಲ್ಲಿ ಇನ್ನೂ ಐಸ್ ಹರಳು ಉಳಿದಿದ್ದರೆ ಮತ್ತೆ ಫ್ರೀಜ್ ಮಾಡಬಹುದು, ಮೆತ್ತಗಾಗುತ್ತದೆ ಅಷ್ಟೆ. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಎಸೆಯುವುದೇ ಸರಿ.

ಬಾಟಲಿಯಲ್ಲಿ ಏನಾಗುತ್ತದೆ?

ಈಗ ಆ ಬಾಟಲಿಯ ವಿಷಯ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದರ ಬೀಜಕಣಗಳು ತರಕಾರಿಯ ಮೇಲೂ ಇರುತ್ತವೆ, ನಾವು ತಿನ್ನುತ್ತಲೂ ಇರುತ್ತೇವೆ, ಆರೋಗ್ಯವಂತ ದೊಡ್ಡವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಈ ಕಣಗಳು ಮೊಳೆತು ವಿಷ ತಯಾರಿಸಬೇಕಾದರೆ ನಾಲ್ಕು ಅನುಕೂಲ ಒಟ್ಟಿಗೆ ಸಿಗಬೇಕು: ಗಾಳಿ ಇರಬಾರದು, ಹುಳಿ ಕಡಿಮೆ ಇರಬೇಕು, ತೇವ ಇರಬೇಕು, ಸಾಧಾರಣ ಕೋಣೆಯ ಶಾಖ ಇರಬೇಕು. ಬಿಗಿಯಾಗಿ ಮುಚ್ಚಿ ಶೆಲ್ಫ್‌ನಲ್ಲಿಟ್ಟ ಬೀನ್ಸ್ ಬಾಟಲಿ ಈ ನಾಲ್ಕನ್ನೂ ಒದಗಿಸುತ್ತದೆ.

ಕುದಿಸಿದ್ದೇವಲ್ಲ ಎನ್ನಬಹುದು. ತೊಂದರೆ ಇರುವುದೇ ಅಲ್ಲಿ. ಈ ಬೀಜಕಣಗಳು 100 ಡಿಗ್ರಿಯ ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಬದುಕಬಲ್ಲವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಅಂದರೆ ಇನ್ನೂ ಕಡಿಮೆ. ಕುದಿಸಿದಾಗ ಸಾಯುವುದು ಬೇರೆ ಬ್ಯಾಕ್ಟೀರಿಯಾಗಳು. ಪೈಪೋಟಿ ಇಲ್ಲದ, ಗಾಳಿಯಿಲ್ಲದ ಜಾಗದಲ್ಲಿ ಇದೊಂದೇ ಉಳಿಯುತ್ತದೆ.

ಮಾವಿನ ಉಪ್ಪಿನಕಾಯಿ ಭರಣಿಯಲ್ಲಿ ವರ್ಷ ಇರುತ್ತದಲ್ಲ, ಇದಕ್ಕೇನು ಎಂಬ ಪ್ರಶ್ನೆ ಸಹಜ. ವ್ಯತ್ಯಾಸ ಹುಳಿಯದು. ಆಮ್ಲೀಯತೆಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಮಾವಿನಕಾಯಿ, ನಿಂಬೆ ಅದಕ್ಕಿಂತ ಕೆಳಗೇ ಇವೆ, ಮೇಲೆ ಉಪ್ಪಿನ ಕಾವಲು ಬೇರೆ. ಬೀನ್ಸ್‌ನ ಪಿಎಚ್ 5.5ಕ್ಕೂ ಮೇಲೆ. ಒಂದು ಚಮಚ ಉಪ್ಪು, ನಾಲ್ಕು ಹನಿ ನಿಂಬೆರಸ ಇದನ್ನು ಸರಿಮಾಡುವುದಿಲ್ಲ.

ಅಮೆರಿಕದಲ್ಲಿ ಮನೆಯಲ್ಲೇ ಬೀನ್ಸ್ ಬಾಟಲಿ ಮಾಡುವ ರೂಢಿ ಹಳೆಯದು. ಅಲ್ಲಿನ ಕೃಷಿ ಇಲಾಖೆ ಅದಕ್ಕೆ ಒಪ್ಪುವುದು ಒಂದೇ ದಾರಿ: ಪ್ರೆಶರ್ ಕ್ಯಾನರ್ ಎಂಬ ದೊಡ್ಡ ಪಾತ್ರೆ, ಅದರಲ್ಲಿ ಒತ್ತಡದಿಂದ 116 ಡಿಗ್ರಿಯಷ್ಟು ಶಾಖ, ಅರ್ಧ ಲೀಟರ್ ಬಾಟಲಿಗೆ 20 ನಿಮಿಷ, ಒಂದು ಲೀಟರ್‌ನದಕ್ಕೆ 25 ನಿಮಿಷ. ಎತ್ತರದ ಊರಾದರೆ ಒತ್ತಡ ಇನ್ನೂ ಹೆಚ್ಚಿಸಬೇಕು.

ನಮ್ಮ ಕುಕ್ಕರ್‌ನಲ್ಲೂ ಅಷ್ಟು ಒತ್ತಡ ಬರುತ್ತದಲ್ಲ? ಬರುತ್ತದೆ. ಆದರೆ ಆ 20 ನಿಮಿಷದ ಲೆಕ್ಕ ದೊಡ್ಡ ಕ್ಯಾನರ್ ನಿಧಾನವಾಗಿ ಕಾಯುವ, ನಿಧಾನವಾಗಿ ತಣಿಯುವ ಹೊತ್ತನ್ನೂ ಸೇರಿಸಿ ಪರೀಕ್ಷಿಸಿದ್ದು. ಐದು ಲೀಟರ್ ಕುಕ್ಕರ್ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ, ಪ್ರತಿ ಸೀಟಿಗೂ ಒತ್ತಡ ಏರಿಳಿಯುತ್ತದೆ. ಬಾಟಲಿಯ ನಡುಭಾಗಕ್ಕೆ ಬೇಕಾದಷ್ಟು ಶಾಖ ತಲುಪಿತೇ ಎಂದು ತಿಳಿಯುವ ಉಪಾಯ ಅಡುಗೆಮನೆಯಲ್ಲಿ ಇಲ್ಲ.

ಈ ವಿಷಕ್ಕೆ ಬಣ್ಣ, ವಾಸನೆ, ರುಚಿ ಇರುವುದಿಲ್ಲ. ಮುಚ್ಚಳ ಉಬ್ಬಿದರೆ, ತೆಗೆದಾಗ ಬುಸ್ಸೆಂದರೆ ಅನುಮಾನ ಖಚಿತ. ಆದರೆ ಏನೂ ಆಗದಂತೆ ಕಾಣುವ ಬಾಟಲಿಯಲ್ಲೂ ವಿಷ ಇರಬಹುದು. ವಿಷ ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ ಎನ್ನುವುದು ನಿಜವಾದರೂ, ಅದನ್ನು ನಂಬಿ ಅನುಮಾನದ ಬಾಟಲಿ ಉಳಿಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ. ಸ್ವಲ್ಪ ನಾಲಿಗೆಗೆ ಹಚ್ಚಿ ನೋಡುವುದಂತೂ ಬೇಡವೇ ಬೇಡ. ಸಾಮಾನ್ಯವಾಗಿ ತಿಂದ 12ರಿಂದ 36 ಗಂಟೆಯೊಳಗೆ, ಕೆಲವೊಮ್ಮೆ ಕೆಲವು ದಿನಗಳ ನಂತರ, ರೆಪ್ಪೆ ಜೋಲುವುದು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಶುರುವಾಗುತ್ತದೆ. ಜ್ವರ ಇರುವುದಿಲ್ಲ ಎಂದು ತಡ ಮಾಡಬಾರದು. ನಂತರ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ನೇರ ಆಸ್ಪತ್ರೆಗೆ ಹೋಗಿ, ಏನು ತಿಂದಿದ್ದು ಎಂದು ಡಾಕ್ಟರ್‌ಗೆ ಹೇಳಿ. ಪ್ರತಿವಿಷ ಇದೆ, ಬೇಗ ಕೊಟ್ಟಷ್ಟೂ ಉಪಯೋಗ.

ಉಳಿದ ವಿಧಾನಗಳು ಯಾಕೆ ಸುರಕ್ಷಿತ ಎಂಬುದೂ ಆ ನಾಲ್ಕು ಅನುಕೂಲಗಳಿಂದಲೇ ಗೊತ್ತಾಗುತ್ತದೆ. ಫ್ರೀಜರ್ ಶಾಖ ಕಿತ್ತುಕೊಳ್ಳುತ್ತದೆ. ಒಣಗಿಸಿದರೆ ತೇವ ಹೋಗುತ್ತದೆ: ನಮ್ಮಲ್ಲಿ ಗೋರಿಕಾಯಿಗೆ ಮಜ್ಜಿಗೆ, ಉಪ್ಪು ಹಾಕಿ ಬಾಳಕ ಮಾಡುವ ಹಾಗೆ, ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲಿ ಇಡೀ ಬೀನ್ಸನ್ನು ದಾರಕ್ಕೆ ಪೋಣಿಸಿ ನೇತುಹಾಕಿ ಒಣಗಿಸುತ್ತಾರೆ. ಮುರಿದರೆ ಚೂರಾಗುವಷ್ಟು ಒಣಗಬೇಕು, ಹಾಗಾಗಿ ಮುಂಬೈ ಮಳೆಯಲ್ಲಿ ಈ ಸಾಹಸ ಬೇಡ. ವಿನೆಗರ್ ಉಪ್ಪಿನಕಾಯಿ ಹುಳಿಯ ದಾರಿ. ಬಾಟಲಿಯ ಲೇಬಲ್‌ನಲ್ಲಿ ಆಮ್ಲದ ಪ್ರಮಾಣ ಶೇ 5 ಇದ್ದರೆ ಸಮ ಪ್ರಮಾಣದ ನೀರು ಸೇರಿಸಬಹುದು. ನಮ್ಮ ಅಂಗಡಿಗಳ ಎಷ್ಟೋ ವಿನೆಗರ್ ಅದಕ್ಕಿಂತ ತೆಳು, ಅಂಥದ್ದಕ್ಕೆ ನೀರು ಸೇರಿಸಲೇಬೇಡಿ. ಮಾಡಿದ್ದನ್ನು ಫ್ರಿಜ್‌ನಲ್ಲೇ ಇಟ್ಟು ಕೆಲವು ವಾರಗಳಲ್ಲಿ ಮುಗಿಸಿ.

ಬೇಯಿಸುವಾಗ ಹಸಿರು ಉಳಿಯಲು

ಬೀನ್ಸನ್ನು ಹಸಿಯಾಗಿ ತಿನ್ನುವ ಅಭ್ಯಾಸವಿದ್ದರೆ ಬಿಡಿ. ರಾಜ್ಮಾದಲ್ಲಿ ಹೆಚ್ಚಾಗಿರುವ, ವಾಂತಿ-ಭೇದಿ ತರಬಲ್ಲ ಲೆಕ್ಟಿನ್ ಎಂಬ ಅಂಶ ಎಳೆ ಕಾಯಿಯಲ್ಲೂ ಸ್ವಲ್ಪ ಇದೆ. ಬೇಯಿಸಿದರೆ ಅದರ ಕಾಟವಿಲ್ಲ.

ಹಸಿರು ಬಣ್ಣ ಕೊಡುವ ಕ್ಲೋರೋಫಿಲ್‌ಗೆ ಹುಳಿ ಮತ್ತು ಹೆಚ್ಚು ಹೊತ್ತಿನ ಶಾಖ ಎರಡೂ ಶತ್ರು. ಕಾಯಿ ಬೇಯುವಾಗ ಅದರಿಂದಲೇ ಸ್ವಲ್ಪ ಆಮ್ಲ ಹೊರಬರುತ್ತದೆ. ಬಿಗಿಯಾಗಿ ಮುಚ್ಚಿದರೆ ಅದು ಪಾತ್ರೆಯಲ್ಲೇ ಉಳಿದು, ಹಸಿರು ಹೋಗಿ ಮಿಲಿಟರಿ ಬಣ್ಣ ಬರುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬಣ್ಣವೇನೋ ಉಳಿಯುತ್ತದೆ, ಆದರೆ ಕಾಯಿ ಹಿಸುಕಿದಂತಾಗುತ್ತದೆ, ವಿಟಮಿನ್ ಕೂಡ ಹಾಳಾಗುತ್ತದೆ. ಹೋಟೆಲ್ ಪಲ್ಯದ ಅತಿ ಹಸಿರು ನೋಡಿ ಆಸೆಪಡಬೇಡಿ.

ಪಲ್ಯಕ್ಕೆ ಕಾಲು ಕೆಜಿ ಬೀನ್ಸ್ ಸಣ್ಣಗೆ ಹೆಚ್ಚಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಮಾಡಿ, ಬೀನ್ಸ್ ಹಾಕಿ ಎರಡು ನಿಮಿಷ ಬಾಡಿಸಿ. ಉಪ್ಪು, ಕಾಲು ಲೋಟ ನೀರು ಹಾಕಿ ಮುಚ್ಚಳ ಅರ್ಧ ತೆರೆದಿಟ್ಟು ಎಂಟ್ಹತ್ತು ನಿಮಿಷ ಬೇಯಿಸಿ. ಕೊನೆಗೆ ಚೂರು ಬೆಲ್ಲ, ಒಂದು ಹಿಡಿ ತೆಂಗಿನತುರಿ. ಫ್ರೀಜರ್‌ನ ಬೀನ್ಸ್ ಆದರೆ ಕರಗಿಸಲು ಹೊರಗಿಡಬೇಡಿ, ಹಾಗೇ ಒಗ್ಗರಣೆಗೆ ಹಾಕಿ, ನೀರು ಬೇಡ. ಅದು ಆಗಲೇ ಸ್ವಲ್ಪ ಬೆಂದಿರುವುದರಿಂದ ಐದು ನಿಮಿಷ ಸಾಕು. ತಾಜಾ ಕಾಯಿಯ ಕರಕರ ಅದರಲ್ಲಿ ಸಿಗುವುದಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಪಲ್ಯಕ್ಕಿಂತ ಸಾಗು, ಪಲಾವ್, ಹುಳಿಗೆ ಚೆನ್ನಾಗಿ ಹೊಂದುತ್ತದೆ.

ಹುಳಿ ಮಾಡುವಾಗ ಬೇಳೆಯ ಜೊತೆ ಬೀನ್ಸನ್ನೂ ಕುಕ್ಕರ್‌ಗೆ ಹಾಕಿ ನಾಲ್ಕು ಸೀಟಿ ಕೂಗಿಸಿದರೆ ಉಳಿಯುವುದು ನಾರು ಮಾತ್ರ. ಬೀನ್ಸ್ ಬೇರೆಯೇ ಬೇಯಲಿ, ಹುಣಸೆರಸ ಅದು ಬೆಂದ ಮೇಲೆ ಬೀಳಲಿ. ಹುಣಸೆ ಮೊದಲೇ ಬಿದ್ದರೆ ಬಣ್ಣ ಹೋಗುವುದಷ್ಟೇ ಅಲ್ಲ, ಹುಳಿಯಲ್ಲಿ ಕಾಯಿಯ ಗೋಡೆ ಬೇಗ ಮೆತ್ತಗಾಗದೆ ಎಷ್ಟು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ.